ಲೆಕ್ಕ ಹತ್ತು ಕಡೆ, ಕಾರ್ಮಿಕ ಒಬ್ಬನೇ

ಜೋಗೇಶ್ವರಿ ಸ್ಟೇಷನ್ನಿನ ಆಚೀಚೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಒಬ್ಬನೇ ಮಾಲಕನ ಬಳಿ ಆಯುಷ್ಯ ಕಳೆದವರು ವಿರಳ. ಒಬ್ಬ ಸಪ್ಲಾಯರ್ ಮೂರು ವರ್ಷ ಇಲ್ಲಿ, ನಾಲ್ಕು ವರ್ಷ ಅಂಧೇರಿಯಲ್ಲಿ, ಮತ್ತೆ ನಾಲ್ಕು ವರ್ಷ ಠಾಣೆಯಲ್ಲಿ ದುಡಿದನೆನ್ನಿ. 1995ರ ಪಿಂಚಣಿ ಯೋಜನೆಯ ಪ್ರಕಾರ ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಮೂರೂ ಕಡೆಯ ಲೆಕ್ಕ ಕೂಡಿದರೆ 11 ವರ್ಷ, ಪಿಂಚಣಿ ಉಂಟು. ಕೂಡದಿದ್ದರೆ ಅವುಗಳಲ್ಲಿ ಒಂದೂ ಹತ್ತನ್ನು ಮುಟ್ಟದು, ಪಿಂಚಣಿ ಇಲ್ಲ.

ಈ ಕೂಡಿಸುವ ಕೆಲಸ ಇಂದು ಯಂತ್ರದ ಪಾಲಿನದು. ಡೇಟಾಬೇಸ್ ಎಂಬ ಶಬ್ದ ಕೇಳಿ ಯಾರೂ ಹೆದರಬೇಕಾಗಿಲ್ಲ. ಗೆರೆ ಹಾಕಿದ ಲೆಕ್ಕದ ಪುಸ್ತಕಗಳೇ ಅವು. ಒಂದರಲ್ಲಿ ಕಾರ್ಮಿಕನ ಹೆಸರು, ಇನ್ನೊಂದರಲ್ಲಿ ಮಾಲಕನ ಹೆಸರು, ಮೂರನೆಯದರಲ್ಲಿ ತಿಂಗಳ ವಂತಿಗೆ. ಒಂದು ಸಂಖ್ಯೆ ಹಿಡಿದು ಮೂರನ್ನೂ ಜೋಡಿಸಿ ಓದಬೇಕು. ಇಂಥ ಕ್ರಮಕ್ಕೆ 1970ರಲ್ಲಿ ಐ.ಬಿ.ಎಂ. ಕಂಪನಿಯ ಎಡ್ಗರ್ ಕಾಡ್ ಎಂಬವರು ತಳಹದಿ ಹಾಕಿದರು. ಈ ಪುಸ್ತಕಗಳನ್ನು ಇಟ್ಟುಕೊಂಡ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ನಮ್ಮ ಸಪ್ಲಾಯರನಂತೆ, ಕೇಳಿದವರಿಗೆ ಕೇಳಿದ್ದನ್ನು ತಂದುಕೊಡುವುದೇ ಅದರ ಕೆಲಸ.

ಪುಸ್ತಕಗಳು ಹತ್ತು ಕಡೆ ಹಂಚಿಹೋದಾಗ ಕಷ್ಟ ಶುರು. ಭವಿಷ್ಯನಿಧಿಯ ಲೆಕ್ಕಗಳು ಬಹುಕಾಲ ಪ್ರಾದೇಶಿಕ ಕಚೇರಿಗಳಲ್ಲಿ ಬೇರೆ ಬೇರೆಯಾಗಿದ್ದವು. ಮುಂಬಯಿಯಲ್ಲಿ ಪಿಂಚಣಿ ಪಡೆಯುತ್ತಿದ್ದವನು ಊರಿಗೆ ಮರಳಿದರೆ, ಅವನ ಪಿಂಚಣಿ ಆದೇಶವೂ ಇಲ್ಲಿಯ ಕಚೇರಿಯಿಂದ ಅಲ್ಲಿಯ ಕಚೇರಿಗೆ ವರ್ಗವಾಗಬೇಕಿತ್ತು. 2025ರ ಜನವರಿಯಿಂದ 122 ಕಚೇರಿಗಳ ಪಿಂಚಣಿ ಪಾವತಿ ಒಂದೇ ಕೇಂದ್ರ ವ್ಯವಸ್ಥೆಗೆ ಬಂದಿದೆ. ಸುಮಾರು 68 ಲಕ್ಷ ಪಿಂಚಣಿದಾರರು ದೇಶದ ಯಾವ ಬ್ಯಾಂಕಿನಲ್ಲಾದರೂ ಹಣ ಪಡೆಯಬಹುದು. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ.

ಆದರೆ ಯಂತ್ರಕ್ಕೆ ಮುಖಪರಿಚಯವಿಲ್ಲ. ಒಂದು ಕಡೆ 'ಶೇಖರ', ಇನ್ನೊಂದು ಕಡೆ 'ಶೇಕರ' ಎಂದಿದ್ದರೆ ಅದರ ಪಾಲಿಗೆ ಅವರು ಇಬ್ಬರು ಮನುಷ್ಯರು. ಆದುದರಿಂದ ಲೆಕ್ಕ ಕಾಯುವವರಲ್ಲಿ ನಮ್ಮ ಒತ್ತಾಯ ಇಷ್ಟು: ಒಬ್ಬ ಕಾರ್ಮಿಕನಿಗೆ ಒಂದೇ ಸಂಖ್ಯೆ ಇರಲಿ. ಒಂದು ಖಾತೆಯಿಂದ ಕಳೆದ ಹಣ ಇನ್ನೊಂದಕ್ಕೆ ಸೇರಿದರೆ ಮಾತ್ರ ವರ್ಗಾವಣೆ ಆಯಿತೆನ್ನಲಿ. ನಡುವೆ ತಂತಿ ಕಡಿದರೆ ಹಣ ಮೊದಲಿನ ಖಾತೆಯಲ್ಲೇ ಉಳಿಯಲಿ. ಲೆಕ್ಕದ ನಕಲು ಬೇರೊಂದು ಊರಿನ ಯಂತ್ರದಲ್ಲೂ ಇರಲಿ. ಆ ನಕಲಿನಿಂದ ಲೆಕ್ಕವನ್ನು ಮರಳಿ ಎಬ್ಬಿಸಬಹುದೇ ಎಂದು ಆಗಾಗ ಪರೀಕ್ಷಿಸಲಿ. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದು ಅಳಿಸಲಾಗದಂತೆ ದಾಖಲಾಗಲಿ. ಇವು ವರವಲ್ಲ, ನಮ್ಮ ದುಡ್ಡನ್ನು ಕಾಯುವವರ ಕರ್ತವ್ಯ.

ನಮ್ಮ ಕರ್ತವ್ಯವೂ ಉಂಟು. 2014ರಲ್ಲಿ ಬಂದ 12 ಅಂಕೆಯ ಸಾರ್ವತ್ರಿಕ ಖಾತೆ ಸಂಖ್ಯೆ ಕೆಲಸ ಬದಲಾದರೂ ಬದಲಾಗಬಾರದು. ಹೊಸ ಹೋಟೆಲಿಗೆ ಸೇರುವಾಗ ಹಳೆಯ ಸಂಖ್ಯೆಯನ್ನೇ ಕೊಡಿರಿ. ಎರಡನೆಯದನ್ನು ಮಾಡಿಸಲು ಒಪ್ಪಬೇಡಿರಿ. ಹೆಸರು, ಜನ್ಮ ದಿನಾಂಕ, ತಂದೆಯ ಹೆಸರು ಆಧಾರ್ ಕಾರ್ಡಿನಂತೆಯೇ ಇವೆಯೇ ನೋಡಿರಿ. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ವಂತಿಗೆ ಬಿದ್ದಿದೆಯೇ ಎಣಿಸಿರಿ. ಮಾಲಕ ಬರೆಯದೆ ಬಿಟ್ಟ ತಿಂಗಳನ್ನು ಎಂಥ ಸರ್ವರ್ ಸಹ ಕೂಡಿಸಿಕೊಡಲಾರದು. ಅದನ್ನು ಬರೆಸಲು ಸಂಘವೇ ಬೇಕು.

ಓದು ಬಾರದೆಂದು ನಾಚಿಕೆಪಟ್ಟು ಸುಮ್ಮನಿರಬೇಡಿ, ಬಂಧುಗಳೇ. ನಾವೂ ಎಂಜಲು ಮೇಜು ಒರೆಸಿ ಬಂದವರೇ. ಸಂಬಳದ ಚೀಟಿ ಹಿಡಿದು ಸಂಘಕ್ಕೆ ಬನ್ನಿರಿ. ಜತೆಗೆ ಕುಳಿತು ಓದೋಣ. ಊರಿಗೆ ಹೊರಡುವ ದಿನ ಬಂದಾಗ ಹುಡುಕಲು ತೊಡಗಿದರೆ, ಮುಚ್ಚಿಹೋದ ಹೋಟೆಲಿನ ಬಾಗಿಲು ತಟ್ಟಬೇಕಾದೀತು.