ಚೀಟಿಯಲ್ಲಿ ಖಾಲಿ ಉಳಿದ ಒಂದು ಸಾಲು

ಕಳೆದ ಬೇಸಿಗೆಯಲ್ಲಿ ಸುಮಾರು ನಲವತ್ತೆರಡು ವರ್ಷದ ಒಬ್ಬರು ಹೆಂಡತಿಯ ಹೆಗಲು ಹಿಡಿದು ಬಂದು ನನ್ನೆದುರು ಕುಳಿತರು. ಹತ್ತು ಹೆಜ್ಜೆ ನಡೆದರೆ ಏದುಸಿರು. ಪ್ಲಾಸ್ಟಿಕ್ ಚೀಲದಲ್ಲಿ ಮೂರು ಆಸ್ಪತ್ರೆಗಳ ಚೀಟಿ, ಐದು ಎಕ್ಸ್-ರೇ. ಎರಡು ಸಲ ಕ್ಷಯಕ್ಕೆಂದು ಪೂರ್ತಿ ಔಷಧ ನುಂಗಿದ್ದರು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲ. ಚೀಟಿಗಳಲ್ಲಿ ಹೆಸರು, ವಯಸ್ಸು, ಊರು ಎಲ್ಲ ಸರಿಯಾಗಿತ್ತು. 'ಉದ್ಯೋಗ' ಎಂದಿದ್ದಲ್ಲಿ ಮಾತ್ರ ಒಂದರಲ್ಲಿ 'ಕೂಲಿ', ಒಂದರಲ್ಲಿ ಅಡ್ಡಗೆರೆ, ಮತ್ತೊಂದರಲ್ಲಿ ಏನೂ ಇಲ್ಲ.

"ಏನು ಕೂಲಿ?" ಎಂದು ಕೇಳಿದೆ.

"ಜಲ್ಲಿ ಕ್ರಷರ್‌ನಲ್ಲಿ ಸ್ವಾಮಿ, ಹನ್ನೊಂದು ವರ್ಷ. ಅದಕ್ಕೆ ಮುಂಚೆ ಕ್ವಾರಿಯಲ್ಲಿ ಬಂಡೆಗೆ ತೂತು ಹೊಡೀತಿದ್ದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ವಲ್ಲ ಸ್ವಾಮಿ."

ಎಕ್ಸ್-ರೇಗಳನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದಂಥ ಚುಕ್ಕೆಗಳು. ಇದು ಸಿಲಿಕೋಸಿಸ್. ಕಲ್ಲನ್ನು ಕೊರೆದಾಗ, ಪುಡಿ ಮಾಡಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಕೂರುತ್ತದೆ. ಅದನ್ನು ನುಂಗಲು ಬಂದ ರಕ್ಷಕ ಕಣಗಳು ತಾವೇ ಸಾಯುತ್ತವೆ, ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ದಮ್ಮು ಕಾಣಿಸಿಕೊಳ್ಳುತ್ತದೆ. ಧೂಳು ವಿಪರೀತವಾಗಿದ್ದರೆ ಇನ್ನೂ ಬೇಗ. ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಗಟ್ಟಿಯಾದ ಭಾಗವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಒಂದು ಎಚ್ಚರಿಕೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಂಭವ ಇತರರಿಗಿಂತ ಹೆಚ್ಚು. ಎರಡೂ ಜೊತೆಯಾಗಿರುವುದುಂಟು. ಆದ್ದರಿಂದ ಇದನ್ನು ಓದಿ ಯಾರೂ ಕ್ಷಯದ ಮಾತ್ರೆ ನಿಲ್ಲಿಸಕೂಡದು.

ನನ್ನ ತಕರಾರು ಇರುವುದು ಆ ಖಾಲಿ ಸಾಲಿನ ಬಗ್ಗೆ. ರೋಗಗಳಿಗೆಲ್ಲ ಒಂದೊಂದು ಸಂಕೇತ ಕೊಟ್ಟಿರುವ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಅದರ ಹತ್ತನೆಯ ಆವೃತ್ತಿ 1994ರಿಂದ ಬಳಕೆಗೆ ಬಂತು. ಅದರಲ್ಲಿ 'ಎ 16' ಎಂದರೆ ಪ್ರಯೋಗಾಲಯದಲ್ಲಿ ದೃಢಪಡದ ಶ್ವಾಸಾಂಗದ ಕ್ಷಯ. 'ಜೆ 62' ಎಂದರೆ ಸಿಲಿಕಾ ಧೂಳಿನ ಶ್ವಾಸಕೋಶದ ಕಾಯಿಲೆ. ಧೂಳಿನ ಕಾಯಿಲೆಯ ಜೊತೆ ಕ್ಷಯವೂ ಇದ್ದರೆ 'ಜೆ 65'. ಕೆಲಸದ ಜಾಗದಲ್ಲಿ ಧೂಳು ಕುಡಿದವರೆಂದು ಗುರುತಿಸಲೆಂದೇ 'ಝಡ್ 57.2' ಎಂಬ ಬೇರೊಂದು ಸಂಕೇತವಿದೆ. ರೆಕಾರ್ಡು ವಿಭಾಗದಲ್ಲಿ ಕುಳಿತು ಈ ಸಂಕೇತ ಹಾಕುವವರು ರೋಗಿಯ ಮುಖ ನೋಡಿರುವುದಿಲ್ಲ. ವೈದ್ಯರು ಬರೆದದ್ದನ್ನಷ್ಟೇ ಅವರು ಅಂಕಿಗಿಳಿಸಬಲ್ಲರು. 'ಕೂಲಿ' ಎಂಬ ಮಾತಿಗೆ ಅಲ್ಲಿ ಯಾವ ಸಂಕೇತವೂ ಇಲ್ಲ. ನನ್ನ ರೋಗಿ ಸರಕಾರದ ಲೆಕ್ಕದಲ್ಲಿ ಎರಡು ಸಲ ಕ್ಷಯರೋಗಿಯಾದರು, ಕಲ್ಲು ಕೆಲಸದವರಾಗಿ ಒಮ್ಮೆಯೂ ದಾಖಲಾಗಲಿಲ್ಲ.

ಇದರಿಂದ ನಷ್ಟ ಯಾರಿಗೆ? ಮೊದಲನೆಯದಾಗಿ ಅವರಿಗೇ. ಸಿಲಿಕೋಸಿಸ್ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗ. ಕ್ಷಯ ಎಂದು ಬರೆದ ಚೀಟಿ ಹಿಡಿದು ಹೋದವರಿಗೆ ಆ ಬಾಗಿಲು ತೆರೆಯುವುದಿಲ್ಲ. ರಾಜಸ್ಥಾನದಲ್ಲಿ 2019ರಲ್ಲಿ ಇದಕ್ಕಾಗಿಯೇ ನೀತಿಯೊಂದು ಬಂತು: ರೋಗ ಪ್ರಮಾಣಿತವಾದರೆ 3 ಲಕ್ಷ ರೂಪಾಯಿ, ರೋಗಿ ಸತ್ತರೆ ಮನೆಯವರಿಗೆ 2 ಲಕ್ಷ. ಅಲ್ಲಿಯೂ ಹಣಕ್ಕೆ ಮೊದಲು ಬೇಕಾದದ್ದು ಕಾಗದ. ಎರಡನೆಯ ನಷ್ಟ ಅದೇ ಕ್ರಷರ್‌ನಲ್ಲಿ ಇನ್ನೂ ದುಡಿಯುತ್ತಿರುವವರಿಗೆ. ಒಂದೂ ಪ್ರಕರಣ ದಾಖಲಾಗದ ಕಡೆ ನೀರು ಚಿಮುಕಿಸಿ ಧೂಳು ಅಡಗಿಸಿರೆಂದು ಹೇಳಲು ಇನ್ಸ್‌ಪೆಕ್ಟರು ಯಾಕೆ ಹೋಗುತ್ತಾರೆ?

ಕಾನೂನು ಇಲ್ಲವೆಂದಲ್ಲ. ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ ಕಂಡ ವೈದ್ಯ ಮುಖ್ಯ ಇನ್ಸ್‌ಪೆಕ್ಟರಿಗೆ ಲಿಖಿತ ವರದಿ ಕಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 89ನೇ ಸೆಕ್ಷನ್ ಹೇಳಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ವೈದ್ಯರ ಮೇಲೆ ಉಳಿಸಿದೆ. ನನ್ನ ವೃತ್ತಿಬಾಂಧವರು ಬೇಸರಪಟ್ಟರೂ ಸರಿ, ಅಂಥ ವರದಿ ಬರೆದವರನ್ನು ನಾನು ಕಂಡಿರುವುದು ಬೆರಳೆಣಿಕೆಯಷ್ಟು. ನಾನೂ ಬಹಳ ವರ್ಷ ಬರೆದವನಲ್ಲ.

ನಮ್ಮ ರಾಜ್ಯಕ್ಕೆ ಇದು ಹೊಸ ರೋಗವೇನಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಗಳಿಂದ, 1934ರಲ್ಲಿ. ಮುಂದಿನ ದಶಕದಲ್ಲಿ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 40ಕ್ಕೂ ಮಿಕ್ಕಿ ಜನರಲ್ಲಿ ಈ ರೋಗ ಕಂಡುಬಂತು. ಹುಡುಕಿದ್ದರಿಂದ ಸಿಕ್ಕಿತು! ಗಣಿ 2001ರಲ್ಲಿ ಮುಚ್ಚಿತು. ಬಂಡೆ ಕೊರೆಯುವ ಕೆಲಸ ಮಾತ್ರ ಎಷ್ಟೋ ಜಿಲ್ಲೆಗಳ ಕ್ವಾರಿಗಳಲ್ಲಿ, ಗ್ರಾನೈಟ್ ಕೊಯ್ಯುವ ಶೆಡ್ಡುಗಳಲ್ಲಿ ನಡೆದೇ ಇದೆ.

ಕಲ್ಲಿನ ಕೆಲಸವೊಂದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಒದ್ದೆ ತಂಬಾಕಿನ ಎಲೆ ಮುರಿಯುವವರಿಗೆ ಚರ್ಮದ ಮೂಲಕ ನಿಕೋಟಿನ್ ಇಳಿದು ವಾಂತಿ, ತಲೆಸುತ್ತು ಬರಬಹುದು. ಅದಕ್ಕೆ 'ಗ್ಯಾಸ್ಟ್ರಿಕ್' ಎಂದು ಮಾತ್ರೆ ಕೊಟ್ಟು ಕಳಿಸುವುದು ಸುಲಭ. ಹತ್ತಿ ಧೂಳಿನಲ್ಲಿ ದುಡಿಯುವವರಿಗೆ ರಜೆ ಕಳೆದ ಮರುದಿನವೇ ಎದೆ ಬಿಗಿಯುತ್ತದೆ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಿರೆಂದು ಬರೆದಿದ್ದ. ನಾವೂ ಇದನ್ನು ಕಾಲೇಜಿನಲ್ಲಿ ಓದಿ ಪಾಸಾದವರೇ. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುವಾಗ ಮೊದಲು ಬಿಟ್ಟುಹೋಗುವ ಪ್ರಶ್ನೆಯೂ ಇದೇ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಕೆಮ್ಮು, ದಮ್ಮು, ಕೈಕಾಲು ಜೋಮು, ಚರ್ಮದ ತುರಿ ಇದ್ದವರನ್ನು ಕರೆದೊಯ್ಯುವಾಗ, ವೈದ್ಯರು ಕೇಳದಿದ್ದರೂ ಕೆಲಸದ ವಿವರ ಹೇಳಿ. ಈಗಿನದಷ್ಟೇ ಸಾಲದು, ಇಪ್ಪತ್ತು ವರ್ಷದ ಹಿಂದಿನದೂ ಬೇಕು. ಯಾವ ಧೂಳು, ಯಾವ ರಾಸಾಯನಿಕ, ಎಷ್ಟು ವರ್ಷ, ರಜೆಯಲ್ಲಿ ಕಡಿಮೆಯಾಗುತ್ತದೆಯೇ, ಜೊತೆಯವರಿಗೂ ಹೀಗೇ ಇದೆಯೇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೂ ಆದೀತು. "ಡಾಕ್ಟ್ರೇ, ಇದನ್ನು ಚೀಟಿಯಲ್ಲಿ ಬರೆಯಿರಿ" ಎಂದು ಕೇಳಲು ಸಂಕೋಚ ಬೇಡ. ಹಳೆಯ ಎಕ್ಸ್-ರೇ ಎಸೆಯಬೇಡಿ.

ಆ ರೋಗಿಯ ಚೀಟಿಯಲ್ಲಿ ನಾನು 'ಕೂಲಿ' ಹೊಡೆದುಹಾಕಿ ಬರೆದೆ: 'ಬಂಡೆ ಕೊರೆತ 9 ವರ್ಷ, ಜಲ್ಲಿ ಕ್ರಷರ್ 11 ವರ್ಷ, ಮುಖಕ್ಕೆ ಟವೆಲ್ ಮಾತ್ರ.' ಇನ್ಸ್‌ಪೆಕ್ಟರರ ಕಚೇರಿಗೂ ಪತ್ರ ಹೋಯಿತು. ಹೊರಡುವಾಗ ಅವರ ಹೆಂಡತಿ, ಮಗನೂ ಅದೇ ಕ್ರಷರ್‌ನಲ್ಲಿ ಎರಡು ವರ್ಷದಿಂದ ದುಡಿಯುತ್ತಿದ್ದಾನೆಂದರು. ಎಕ್ಸ್-ರೇಗೆ ಕಳಿಸಿ ಎಂದೆ. ಒಂದು ದಿನದ ಕೂಲಿ ಹೋಗುತ್ತದೆಂದು ಅವನು ಇನ್ನೂ ಬಂದಿಲ್ಲ.