ಮನೆವಾರ್ತೆ: ಮಸೆಗಲ್ಲಿನ ಮಟ್ಟ

ಅರೆಯುವ ಕಲ್ಲು ಸವೆದು ನುಣುಪಾದರೆ ಉಳಿಪೆಟ್ಟು ಹಾಕಿಸಬೇಕೆಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕ್ಷೌರದ ಕತ್ತಿಯನ್ನು ಮಸೆಯುವ ಕಲ್ಲಿಗೂ ಅಂಥ ಆರೈಕೆ ಬೇಕೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅರೆಯುವ ಕಲ್ಲಿಗೆ ಬೇಕಾದುದು ಒರಟುತನ. ಮಸೆಗಲ್ಲಿಗೆ ಬೇಕಾದುದು ಮಟ್ಟ.

ಕ್ಷೌರದಂಗಡಿಗಳಲ್ಲಿ ಈಗ ಗಿರಾಕಿಗೊಂದರಂತೆ ಹೊಸ ಬ್ಲೇಡನ್ನು ಸಿಕ್ಕಿಸುವ ರೂಢಿ ಬಂದಿದೆ. ರಕ್ತದ ಮೂಲಕ ಹರಡುವ ಕಾಮಾಲೆ, ಎಚ್‌ಐವಿ ಮೊದಲಾದವುಗಳನ್ನು ನೆನೆದರೆ ಇದು ಯುಕ್ತವೇ. ಹೀಗಾಗಿ ಮಡಚುವ ಹಳೆಯ ಕತ್ತಿ ಪೆಟ್ಟಿಗೆ ಸೇರಿತು. ಅಜ್ಜನ ಕಾಲದ ಅಂಥ ಕತ್ತಿಯನ್ನು ತನ್ನೊಬ್ಬನ ಉಪಯೋಗಕ್ಕೆಂದು ಮತ್ತೆ ಹೊರತೆಗೆಯುವವರಿಗಾಗಿ ಈ ನಾಲ್ಕು ಮಾತು. ಒಬ್ಬರ ಕತ್ತಿಯನ್ನು ಮತ್ತೊಬ್ಬರು ಮುಖಕ್ಕೆ ತಾಗಿಸಕೂಡದು.

ಮೆಟ್ಟುಕತ್ತಿಗಾದರೆ ಕಲ್ಲು ತುಸು ತಗ್ಗಾಗಿದ್ದರೂ ನಡೆಯುವುದು. ಅಲ್ಲಿ ಓರೆಯನ್ನು ಕೈಯೇ ಹಿಡಿದುಕೊಳ್ಳುತ್ತದೆ. ಕ್ಷೌರದ ಕತ್ತಿಯ ರೀತಿ ಬೇರೆ. ಅದರ ಬೆನ್ನೂ ಬಾಯೂ ಏಕಕಾಲಕ್ಕೆ ಕಲ್ಲನ್ನು ಮುಟ್ಟಿರಬೇಕು; ಓರೆಯನ್ನು ನಿರ್ಣಯಿಸುವುದು ಬೆನ್ನಿನ ದಪ್ಪ. ಕಲ್ಲಿನ ನಡುಭಾಗ ತಗ್ಗಾದರೆ ಕತ್ತಿ ಕಲ್ಲಿನ ಅಂಚುಗಳ ಮೇಲೆಯೇ ನಿಂತು, ಬಾಯಿಯ ನಡುಭಾಗಕ್ಕೆ ಕಲ್ಲೇ ತಾಗುವುದಿಲ್ಲ. ಹರಿತ ಸಾಲದೆಂದು ಇನ್ನಷ್ಟು ಒತ್ತಿ ಮಸೆದರೆ, ತಾಗಿದ ಕಡೆ ಮಾತ್ರ ಉಕ್ಕು ಕರಗುವುದು. ಕರಗಿದ ಉಕ್ಕು ಮರಳಿ ಬಾರದು. ಅಜ್ಜನು ಜೀವಮಾನವೆಲ್ಲ ಬಳಸಿಯೂ ಉಳಿಸಿದ ಕತ್ತಿಯನ್ನು ಮೊಮ್ಮಗನು ಒಂದು ಮಳೆಗಾಲದಲ್ಲಿ ಕೆಡಿಸಬಲ್ಲನು.

ಹಾಗಾದರೆ ಕಲ್ಲನ್ನು ಯಾವುದರಿಂದ ತಿಕ್ಕಬೇಕು? ಮಟ್ಟವಿಲ್ಲದುದು ಮಟ್ಟವನ್ನು ಕೊಡಲಾರದು ಎಂಬುದೇ ಇಲ್ಲಿಯ ಮೂಲಸೂತ್ರ. ಸಿಮೆಂಟಿನ ಜಗಲಿ, ಮುರಕಲ್ಲು, ಹಂಚಿನ ಚೂರು ಇವು ಕಣ್ಣಿಗೆ ಸಮವಾಗಿ ತೋರಿದರೂ ಸಮವಲ್ಲ. ಮರಳೂ ಬೇಡ, ಅದರ ಹೆಚ್ಚುಕಡಿಮೆ ಗಾತ್ರದ ಕಣಗಳು ಕಲ್ಲಿನಲ್ಲಿ ನಟ್ಟು, ಅನಂತರ ಕತ್ತಿಯ ಬಾಯನ್ನು ಮುಕ್ಕುಮಾಡುತ್ತವೆ. ಕಡಲ ಮರಳಿನಲ್ಲಿ ಉಪ್ಪಿನ ಕಾಟವೂ ಉಂಟು. ಎರಡು ಕಲ್ಲುಗಳನ್ನೇ ಪರಸ್ಪರ ತಿಕ್ಕಿದರೆ ಒಂದು ತಗ್ಗಿ ಮತ್ತೊಂದು ಉಬ್ಬಿ ಜೋಡಿಯಾಗುವುದುಂಟು. ಮೂರನ್ನು ಸರದಿಯಂತೆ ತಿಕ್ಕಿದರೆ ಮಾತ್ರ ಆ ದೋಷ ಕಳೆಯುವುದು.

ಉಪಯುಕ್ತ ಸಾಧನಗಳು ಮೂರು. ಮೊದಲನೆಯದು, ಪೇಂಟರುಗಳು ಬಳಸುವ ಕಪ್ಪು ವಾಟರ್ ಪೇಪರ್. ಗ್ರಾನೈಟ್ ಕೊಯ್ಯುವವರಲ್ಲಿ ಮಿಕ್ಕ, ಒಂದಡಿ ಉದ್ದದ ನಯಗೊಳಿಸಿದ ತುಂಡನ್ನು ತಂದು, ಅದರ ಮೇಲೆ 220 ಅಥವಾ 400 ನಂಬರಿನ ಹಾಳೆಯನ್ನು ನೀರು ಹಾಕಿ ಅಂಟಿಸಿದರಾಯಿತು. ಎರಡನೆಯದು, 1891ರಲ್ಲಿ ಅಮೆರಿಕೆಯ ಎಡ್ವರ್ಡ್ ಅಚೆಸನ್ನರು ವಿದ್ಯುತ್ತಿನ ಶಾಖದಿಂದ ಪಡೆದ ಕಾರ್ಬೊರಂಡಮ್ಮಿನ ಪುಡಿ. ದಪ್ಪ ಗಾಜಿನ ಮೇಲೆ ನೀರಿನೊಡನೆ ಹರಡಿದರೆ ತೀರ ತಗ್ಗಾದ ಒರಟು ಕಲ್ಲನ್ನೂ ಇದು ಬೇಗನೆ ತಿದ್ದುವುದು. ಆದರೆ ಗಾಜೇ ಸವೆಯುವುದರಿಂದ ಅದನ್ನು ಆಗಾಗ ಬದಲಿಸಬೇಕು, ನುಣುಪು ಕಲ್ಲಿಗಂತೂ ಪುಡಿಯನ್ನು ತಾಗಿಸಕೂಡದು. ಮೂರನೆಯದು, ವಜ್ರದ ಕಣಗಳನ್ನು ಹಿಡಿಸಿದ ಲೋಹದ ಹಲಗೆ. ಇದು ಶೀಘ್ರವಾದರೂ ದುಬಾರಿ; ಕೊಳ್ಳುವಾಗ ಉಕ್ಕಿನ ಸ್ಕೇಲನ್ನು ಅದರ ಮೇಲೆ ನಿಲ್ಲಿಸಿ, ಅಡಿಯಲ್ಲಿ ಬೆಳಕು ನುಸುಳುವುದೇ ಎಂದು ನೋಡಬೇಕು. ಒಂದೇ ಕತ್ತಿಯಿರುವ ಮನೆಗೆ ಮೊದಲನೆಯದೇ ಸಾಕೆಂದು ನಮ್ಮ ಅಭಿಪ್ರಾಯ.

ವಿಧಾನ ಸುಲಭ. ಕಲ್ಲಿನ ಮೈಮೇಲೆ ಸೀಸದಕಡ್ಡಿಯಿಂದ ಚೌಕಳಿ ಗೆರೆಗಳನ್ನು ಎಳೆಯಿರಿ. ನೀರು ಬಿಟ್ಟು, ಒತ್ತದೆ ತಿಕ್ಕಿರಿ. ನಡುನಡುವೆ ಕಲ್ಲಿನ ತಲೆಬಾಲಗಳನ್ನು ಅದಲುಬದಲು ಮಾಡಿರಿ. ತಗ್ಗಿದ್ದಲ್ಲಿ ಗೆರೆ ಉಳಿಯುವುದು. ಕೊನೆಯ ಗೆರೆಯೂ ಅಳಿದ ಮೇಲೆ ಇನ್ನೊಮ್ಮೆ ಗೆರೆಯೆಳೆದು ಪರೀಕ್ಷಿಸಿರಿ. ಬಳಿಕ ಕಲ್ಲಿನ ಚೂಪಾದ ಅಂಚುಗಳನ್ನು ತುಸು ಸವರಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಮಸೆಯಲು ಕುಳಿತಾಗಲೆಲ್ಲ ಈ ಗೆರೆಯ ಪರೀಕ್ಷೆ ನಡೆಯಲಿ.

ನಮ್ಮ ಕರಾವಳಿಯ ಗಾಳಿಯಲ್ಲಿ ತೇವವೂ ಉಪ್ಪೂ ಸೇರಿರುವುದರಿಂದ, ಕೆಲಸ ಮುಗಿದೊಡನೆ ಕತ್ತಿಯನ್ನು ಒರಸಿ ಎಣ್ಣೆ ಸವರಿಡತಕ್ಕದ್ದು; ಕಲ್ಲನ್ನು ನೆರಳಿನಲ್ಲಿ ಆರಿಸತಕ್ಕದ್ದು. ಕತ್ತಿಯನ್ನೂ ಕಲ್ಲನ್ನೂ ಮಕ್ಕಳ ಕೈಗೆಟುಕದಲ್ಲಿ ಇಡುವುದನ್ನು ಮರೆಯಬಾರದು.