ಗೇಟಿನ ಒಳಗಿದ್ದೂ ಹೊರಗಿನವರು

ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ನೀಡಿದ್ದೂ, ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿದದ್ದೂ ಓದುಗರಿಗೆ ನೆನಪಿರಬಹುದು. ಖಾಸಗಿ ಸಂಸ್ಥೆಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬುದು ಅದರ ತಿರುಳಾಗಿತ್ತು. ಸಾಫ್ಟ್‌ವೇರ್ ಉದ್ಯಮದ ಪ್ರಮುಖರು ಒಕ್ಕೊರಲಿನಿಂದ ವಿರೋಧಿಸಿದರು. ಕನ್ನಡಪರ ಸಂಘಟನೆಗಳು ಅಷ್ಟೇ ಗಟ್ಟಿಯಾಗಿ ಸಮರ್ಥಿಸಿದವು. ಇಂಥದೇ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಷ್ಟೇ ರದ್ದುಪಡಿಸಿದ್ದರಿಂದ ನಮ್ಮ ಮಸೂದೆಗೆ ದೀರ್ಘಾಯುಷ್ಯವಂತೂ ಇರಲಿಲ್ಲ.

ಆ ಚರ್ಚೆಯ ಕಾವಿನಲ್ಲಿ ಎರಡೂ ಪಕ್ಷಗಳು ಎಣಿಸಿದ್ದು ತಲೆಗಳನ್ನು. ಗೇಟಿನ ಒಳಗೆ ಎಷ್ಟು ಜನ ಕನ್ನಡಿಗರು, ಎಷ್ಟು ಜನ ಹೊರಗಿನವರು ಎಂಬುದೇ ವಾದ. ಒಳಗೆ ಹೋದವರು ಅಲ್ಲಿ ನೆಲೆಯೂರುತ್ತಾರೆಯೇ, ಯಾರೊಡನೆ ಕೂತು ಉಣ್ಣುತ್ತಾರೆ, ಮೂರು ವರ್ಷದ ನಂತರವೂ ಅಲ್ಲಿರುತ್ತಾರೆಯೇ ಎಂದು ಕೇಳಿದವರು ವಿರಳ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಕೆಲವು ವರ್ಷ ಕೈಗಾರಿಕಾ ಕಡತಗಳನ್ನು ನೋಡಿದ ನನಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಉದ್ಯೋಗ ದೊರಕುವುದು ಬೇರೆ, ಆ ಲೋಕಕ್ಕೆ ಸೇರಿದವರಾಗುವುದು ಬೇರೆ.

ಮೊದಲಿಗೆ ಹೊರಗಿನವರು ಯಾರು ಎಂಬುದನ್ನು ನಿಚ್ಚಳ ಮಾಡಿಕೊಳ್ಳಬೇಕು. ಒಡಿಶಾದಿಂದಲೋ ಬಿಹಾರದಿಂದಲೋ ಬಂದು ಮಾರತ್ತಹಳ್ಳಿಯ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಇಳಿದುಕೊಂಡ ತರುಣ ಊರಿಗೆ ಹೊರಗಿನವನು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ, ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಊರಿಗೆ ಸ್ಥಳೀಯಳು, ಆದರೆ ಕಚೇರಿಗೆ ಹೊರಗಿನವಳು. ನಮ್ಮ ರಾಜಕೀಯ ಈ ಇಬ್ಬರನ್ನು ಪ್ರತಿಸ್ಪರ್ಧಿಗಳಂತೆ ಎದುರುಬದುರು ನಿಲ್ಲಿಸಿದೆ. ಇಬ್ಬರ ಕೊರತೆಯೂ ಒಂದೇ ಬಗೆಯದು ಎಂಬುದು ಯಾರ ಭಾಷಣದಲ್ಲಿಯೂ ಬರುವುದಿಲ್ಲ.

ಶೇ 50 ಮತ್ತು ಶೇ 70 ಎಂಬ ಅಂಕಿಗಳನ್ನು ಪತ್ರಿಕೆಯಲ್ಲಿ ಕಂಡಾಗ ನನಗೆ ನೆನಪಾದದ್ದು ಮಿಲ್ಲರ್ ಸಮಿತಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಆ ಸಮಿತಿ, ಏಳು ವರ್ಷಗಳ ಒಳಗಾಗಿ ಮೇಲ್ದರ್ಜೆಯ ಸರ್ಕಾರಿ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ಶತಮಾನದ ಅಂತರದಲ್ಲಿ ಅನುಪಾತಗಳು ಹೆಚ್ಚುಕಡಿಮೆ ಅವೇ! ಅಂದು ಹಳ್ಳಿಯ ಹುಡುಗನಿಗೆ ಸಂಸ್ಥಾನದ ಕಚೇರಿ ಹೇಗಿತ್ತೋ ಇಂದು ಸಾಫ್ಟ್‌ವೇರ್ ಕ್ಯಾಂಪಸ್ ಹಾಗೆಯೇ ಇದೆ. ಇಂಗ್ಲಿಷ್ ಮಾತು, ತೊಡುವ ಬಟ್ಟೆ, ಯಾರ ಎದುರು ಹೇಗೆ ನಿಲ್ಲಬೇಕೆಂಬ ಅಲಿಖಿತ ನಿಯಮ, ಎಲ್ಲವೂ ಅಪರಿಚಿತ.

ಆದರೆ ಮಿಲ್ಲರ್ ವರದಿ ಫಲ ಕೊಟ್ಟದ್ದು ಕೇವಲ ಅನುಪಾತದ ಬಲದಿಂದಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಅದರಂಥ ಇತರ ಸಮುದಾಯ ಸಂಸ್ಥೆಗಳೂ ನಗರಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಊರಿನಿಂದ ಬಂದ ಹುಡುಗನಿಗೆ ಅಲ್ಲಿ ಎರಡು ಹೊತ್ತಿನ ಊಟ, ತಲೆಯ ಮೇಲೊಂದು ಸೂರು ದೊರೆಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಎರಡು ವರ್ಷ ಮೊದಲು ಕಚೇರಿ ಸೇರಿದ ಹಿರಿಯನೊಬ್ಬ ಪಕ್ಕದ ಕೋಣೆಯಲ್ಲಿರುತ್ತಿದ್ದ. ಅರ್ಜಿ ಬರೆಯುವುದು ಹೇಗೆ, ಶಿರಸ್ತೇದಾರರು ಏನು ಕೇಳುತ್ತಾರೆ, ಯಾವ ಮಾತಿಗೆ ಸುಮ್ಮನಿರಬೇಕು ಎಂಬುದನ್ನು ಆ ಹಿರಿಯ ಹೇಳಿಕೊಡುತ್ತಿದ್ದ. ಈ ನಿಲಯಗಳು ಜಾತಿಯ ಗೋಡೆಗಳನ್ನು ಗಟ್ಟಿ ಮಾಡಿದವು ಎಂಬ ಆಕ್ಷೇಪ ಸುಳ್ಳಲ್ಲ. ಸಂಘ ಕಟ್ಟುವಷ್ಟು ಹಣವಿಲ್ಲದ ಸಮುದಾಯಗಳ ಬಹುಪಾಲು ಮಕ್ಕಳು 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ ಹಾಸ್ಟೆಲುಗಳನ್ನು ವಿಸ್ತರಿಸುವವರೆಗೆ ಕಾಯಬೇಕಾಯಿತು ಎಂಬುದೂ ನಿಜ. ಆದರೂ ಪ್ರವೇಶದ ಜೊತೆಗೆ ಆಸರೆಯನ್ನೂ ಒದಗಿಸಬೇಕೆಂಬ ತಿಳಿವಳಿಕೆ ಅಂದಿನವರಲ್ಲಿತ್ತು.

ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾಲದಲ್ಲಿಯೂ ಈ ತಿಳಿವಳಿಕೆ ಬೇರೊಂದು ರೂಪದಲ್ಲಿ ಮುಂದುವರಿಯಿತು. 1940ರ ಎಚ್ಎಎಲ್, 1948ರ ಐಟಿಐ, 1953ರ ಎಚ್ಎಂಟಿ, 1954ರ ಬಿಇಎಲ್ ತಮ್ಮ ಸುತ್ತ ಟೌನ್‌ಶಿಪ್ ಕಟ್ಟಿಕೊಂಡವು. ತಮಿಳರು, ಮಲಯಾಳಿಗಳು, ತೆಲುಗರು, ಬಯಲುಸೀಮೆಯ ಕನ್ನಡಿಗರು ಒಂದೇ ಬೀದಿಯಲ್ಲಿ ನೆರೆಹೊರೆಯವರಾದರು. ಒಂದೇ ಕಾರ್ಖಾನೆ ಶಾಲೆ, ಒಂದೇ ಸಹಕಾರಿ ಅಂಗಡಿ, ಒಂದೇ ಬಸ್ಸು. ಜೊತೆಗೆ ಕನ್ನಡ ಸಂಘ, ನಾಟಕ ತಂಡ, ಕಾರ್ಮಿಕ ಸಂಘ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ 77 ದಿನ ನಡೆದ ಮುಷ್ಕರದಲ್ಲಿ ಈ ಕಾರ್ಖಾನೆಗಳ ನೌಕರರು ಭಾಷೆಯ ಭೇದವಿಲ್ಲದೆ ಜೊತೆಗೆ ನಿಂತರು. ಮುಷ್ಕರದ ಆರ್ಥಿಕ ಫಲಿತಾಂಶದ ಬಗ್ಗೆ ನನಗೆ ಅನುಮಾನಗಳಿವೆ, ಅದು ಬೇರೆ ಮಾತು.

ಐಟಿ ಉದ್ಯಮದ ಕಥೆ ಬೇರೆಯಾಯಿತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಂತೆ ನಗರದ ದಕ್ಷಿಣಕ್ಕೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. 1991ರಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ, 1997ರಲ್ಲಿ ರಾಜ್ಯದ ಐಟಿ ನೀತಿ. ಭೂಮಿ, ವಿದ್ಯುತ್, ತೆರಿಗೆ ವಿನಾಯಿತಿ, ಉಪಗ್ರಹ ಸಂಪರ್ಕ ಎಲ್ಲಕ್ಕೂ ಕಡತಗಳಲ್ಲಿ ಕಾಲಂಗಳಿದ್ದವು. ಟೌನ್‌ಶಿಪ್‌ಗೆ ಇರಲಿಲ್ಲ. ನೌಕರರ ವಸತಿಯನ್ನೂ ನೆರೆಹೊರೆಯನ್ನೂ ಮಾರುಕಟ್ಟೆಗೆ ಬಿಡಲಾಯಿತು. ಮಾರುಕಟ್ಟೆ ಪೇಯಿಂಗ್ ಗೆಸ್ಟ್ ಕೋಣೆಗಳನ್ನು ಒದಗಿಸಿತು, ಅದೂ ಧಾರಾಳವಾಗಿ. ನೆರೆಹೊರೆಯನ್ನು ಒದಗಿಸುವುದು ಮಾರುಕಟ್ಟೆಯ ಕಸುಬಲ್ಲ.

ಇನ್ನೊಂದು ಕಡೆ, ಎಂಜಿನಿಯರಿಂಗ್ ಕಾಲೇಜಿನ ಬಾಗಿಲನ್ನು ಸರ್ಕಾರವೇ ಅಗಲವಾಗಿ ತೆರೆದಿತ್ತು. 1994ರಲ್ಲಿ ಸಿಇಟಿ ವ್ಯವಸ್ಥೆ ನೆಲೆಗೊಂಡಿತು. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಸೀಟುಗಳು ದೊರೆತವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಜಿಲ್ಲಾ ಕೇಂದ್ರಗಳ ಕಾಲೇಜುಗಳೂ ಒಂದೇ ಪಠ್ಯಕ್ರಮದಡಿ ಬಂದವು. ಇದು ಸಣ್ಣ ಸಾಧನೆಯಲ್ಲ. ರೈತನ ಮಗಳು ಕಂಪ್ಯೂಟರ್ ಸೈನ್ಸ್ ಓದುವುದು ಇಂದು ಸುದ್ದಿಯೇ ಅಲ್ಲದಿರುವುದಕ್ಕೆ ಈ ನಿರ್ಧಾರಗಳೇ ಕಾರಣ. ಆದರೆ ಸರ್ಕಾರದ ಕೈ ಪದವಿ ಪ್ರಮಾಣಪತ್ರದವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ.

ನಿವೃತ್ತಿಯ ನಂತರ ನಾನೂ ಕೆಲವು ಗೆಳೆಯರೂ ಸರ್ಕಾರಿ ಹಾಸ್ಟೆಲೊಂದರ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಭಾನುವಾರಗಳಂದು ಅಣಕು ಸಂದರ್ಶನ ನಡೆಸುತ್ತೇವೆ. ಸಿಂಧನೂರು ತಾಲ್ಲೂಕಿನ ಹುಡುಗಿಯೊಬ್ಬಳು ಹೊರವರ್ತುಲ ರಸ್ತೆಯ ಕಂಪನಿಯೊಂದಕ್ಕೆ ಆಯ್ಕೆಯಾದಾಗ ಎಲ್ಲರೂ ಸಂಭ್ರಮಿಸಿದೆವು. ವರ್ಷದ ನಂತರ ಭೇಟಿಯಾದಾಗ ಹೇಗಿದೆ ಎಂದು ಕೇಳಿದೆ. 'ಕೆಲಸ ಕಷ್ಟ ಇಲ್ಲ ಸರ್, ಊಟದ ಹೊತ್ತೇ ಕಷ್ಟ' ಎಂದಳು. ನಾಲ್ಕು ವರ್ಷ ಹೆಣಗಾಡಿ ಇಂಗ್ಲಿಷ್ ಕಲಿತು ಹೋದರೆ, ಅಲ್ಲಿ ಊಟದ ಮೇಜಿನ ಮಾತುಕತೆ ಹಿಂದಿಯಲ್ಲಿ! ಅವರು ನೋಡುವ ಧಾರಾವಾಹಿ, ಓದಿದ ಶಾಲೆ, ರಜೆಗೆ ಹೋಗುವ ಊರು ಯಾವುದೂ ಅವಳಿಗೆ ತಿಳಿಯದು. ಯಾರೂ ಅವಮಾನಿಸಲಿಲ್ಲ, ಯಾರೂ ಹೊರದೂಡಲಿಲ್ಲ. ಅವಳೇ ಡಬ್ಬಿಯನ್ನು ತನ್ನ ಮೇಜಿಗೆ ಒಯ್ದು ಉಣ್ಣತೊಡಗಿದಳು.

ಇದನ್ನು ಸಂಕೋಚ ಸ್ವಭಾವದ ಸಮಸ್ಯೆಯೆಂದು ತಳ್ಳಿಹಾಕುವುದು ಸುಲಭ. ಕಂಪನಿಗಳು ಮಾಡುವುದೂ ಅದನ್ನೇ. ವ್ಯಕ್ತಿತ್ವ ವಿಕಸನದ ತರಗತಿಗೆ ಹೆಸರು ಬರೆಸುತ್ತಾರೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಆ ಊಟದ ಮೇಜು ಮಾಹಿತಿಯ ಮಾರುಕಟ್ಟೆಯಂತೆ ಕಾಣುತ್ತದೆ. ಯಾವ ಪ್ರಾಜೆಕ್ಟ್ ಮುಗಿಯುತ್ತಿದೆ, ಯಾವ ಮ್ಯಾನೇಜರ್ ತಂಡ ಕಟ್ಟುತ್ತಿದ್ದಾರೆ, ವಿದೇಶಕ್ಕೆ ಯಾರನ್ನು ಕಳಿಸುತ್ತಾರೆ ಎಂಬುದೆಲ್ಲ ಸುತ್ತೋಲೆಯಲ್ಲಿ ಬರುವ ಮುನ್ನ ಅಲ್ಲಿ ಬರುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಷ್ಟು ಹಿಂದೆಯೇ ತೋರಿಸಿದಂತೆ, ಉದ್ಯೋಗದ ಸುದ್ದಿ ಬರುವುದು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಿತರಿಂದ. ಐಟಿಯಲ್ಲಿ ಇದಕ್ಕೆ ಅಧಿಕೃತ ಮುದ್ರೆಯೂ ಉಂಟು. ನೌಕರರು ಪರಿಚಿತರ ಹೆಸರು ಸೂಚಿಸಿದರೆ, ಆಯ್ಕೆಯಾದಲ್ಲಿ ಬಹುಮಾನ ಕೊಡುವ ರೆಫರಲ್ ಪದ್ಧತಿ ಅಲ್ಲಿ ಸರ್ವೇಸಾಮಾನ್ಯ. ನೇಮಕಾತಿ ವೆಚ್ಚ ಇಳಿಯುತ್ತದೆ ಎಂಬ ದೃಷ್ಟಿಯಿಂದ ಅದು ಜಾಣತನವೇ. ಆದರೆ ಒಳಗಿರುವವರ ಪರಿಚಯದ ವರ್ತುಲವೇ ಮತ್ತೆ ಮತ್ತೆ ಒಳಗೆ ಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪರವಾಗಿ ಕ್ಯಾರೊಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2006ರಲ್ಲಿ ಪೂರೈಸಿದ ಅಧ್ಯಯನವೂ ಪ್ರತಿಭೆಗಷ್ಟೇ ಮಣೆ ಎನ್ನುವ ಈ ಉದ್ಯಮದ ನೌಕರ ವರ್ಗ ಬಹುಮಟ್ಟಿಗೆ ನಗರದ, ಮಧ್ಯಮ ವರ್ಗದ, ಮೇಲ್ಜಾತಿಗಳ ಹಿನ್ನೆಲೆಯದೆಂದು ಗುರುತಿಸಿತ್ತು. ಎರಡು ದಶಕಗಳಲ್ಲಿ ಚಿತ್ರ ಕೊಂಚ ಬದಲಾಗಿರಬಹುದು. ರೆಫರಲ್‌ನ ತರ್ಕ ಬದಲಾಗಿಲ್ಲ.

ಅಸಮಾಧಾನಗೊಂಡವರ ಮುಂದೆ ಎರಡು ದಾರಿಗಳಿರುತ್ತವೆ ಎಂದವರು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್: ಬಿಟ್ಟುಹೋಗುವುದು ಅಥವಾ ದನಿಯೆತ್ತುವುದು. ಐಟಿ ಲೋಕ ಮೊದಲನೆಯದನ್ನು ಬಹಳ ಸಲೀಸು ಮಾಡಿಟ್ಟಿದೆ. ಆದರೆ ಪರಿಚಯವಿದ್ದವನು ಬಿಟ್ಟುಹೋದರೆ ಸಂಬಳ ಏರುತ್ತದೆ, ಪರಿಚಯವಿಲ್ಲದವಳು ಬಿಟ್ಟುಹೋದರೆ ಊರಿಗೆ ಮರಳುತ್ತಾಳೆ. ದನಿಯೆತ್ತುವ ದಾರಿ ಇನ್ನೂ ಕಿರಿದು. ಮಾದರಿ ಸ್ಥಾಯಿ ಆದೇಶಗಳಿಂದ ಐಟಿ ಸಂಸ್ಥೆಗಳಿಗೆ ರಾಜ್ಯ ಸರ್ಕಾರ 2014ರಲ್ಲಿ ಐದು ವರ್ಷಗಳ ವಿನಾಯಿತಿ ಕೊಟ್ಟು, 2019 ಮತ್ತು 2024ರಲ್ಲಿ ಮುಂದುವರಿಸಿತು. ಕುಂದುಕೊರತೆ ಸಮಿತಿ ರಚಿಸಬೇಕೆಂಬುದು ಅದರ ಷರತ್ತುಗಳಲ್ಲಿ ಒಂದು. ವಿನಾಯಿತಿಯ ಬಗ್ಗೆ ಉದ್ಯಮ ಮಾತನಾಡಿದಷ್ಟು ಷರತ್ತಿನ ಬಗ್ಗೆ ಇಲಾಖೆ ಮಾತನಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. 2017ರಲ್ಲಿ ಐಟಿ ನೌಕರರದೇ ಒಂದು ಕಾರ್ಮಿಕ ಸಂಘ ನಮ್ಮ ರಾಜ್ಯದಲ್ಲಿ ನೋಂದಣಿಯಾದದ್ದು ಗಮನಾರ್ಹ. ಅದರ ರಾಜಕೀಯದೊಡನೆ ನನಗೆ ಪೂರ್ಣ ಸಹಮತವಿಲ್ಲ. ಆದರೂ ಒಡಿಶಾದವನೂ ಸಿಂಧನೂರಿನವಳೂ ಒಂದೇ ಸದಸ್ಯತ್ವದಡಿ ಬರಬಹುದಾದ ಜಾಗ ಅದು.

ಇಂಥ ಜಾಗಗಳು ಬೇರೆಯೂ ಇದ್ದವು. 2001ರಲ್ಲಿ ಆರಂಭವಾಗಿ ಆಮೇಲೆ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದ ಲಿನಕ್ಸ್ ಬೆಂಗಳೂರು ಸಮಾವೇಶಕ್ಕೆ ಯಾವ ಊರಿನ, ಯಾವ ಕಾಲೇಜಿನ ತರುಣನಾದರೂ ಬರಬಹುದಿತ್ತು. ನೀನು ಬರೆದ ಪ್ರೋಗ್ರಾಂ ತೋರಿಸು ಎನ್ನುತ್ತಿದ್ದರೇ ಹೊರತು ಅಂಕಪಟ್ಟಿ ಕೇಳುತ್ತಿರಲಿಲ್ಲ. ಕನ್ನಡವನ್ನು ಗಣಕಕ್ಕೆ ತಂದವರ ಪರಂಪರೆಯೂ ಹೀಗೆಯೇ. ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ 'ಬರಹ' ತಂದ ಶೇಷಾದ್ರಿ ವಾಸು, 'ನುಡಿ' ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತು, 2003ರಿಂದ ಕನ್ನಡ ವಿಕಿಪೀಡಿಯಕ್ಕೆ ಬರೆದ ಹೆಸರಿಲ್ಲದ ನೂರಾರು ಜನ. ಅವರಲ್ಲಿ ಮೇಷ್ಟರು, ಗುಮಾಸ್ತರು, ವಿದ್ಯಾರ್ಥಿಗಳೂ ಇದ್ದರು. ಕನ್ನಡ ಮಾಧ್ಯಮದ ಹುಡುಗಿಗೆ ತನ್ನ ಭಾಷೆ ಕೊರತೆಯಾಗದೆ ಬಂಡವಾಳವಾಗುವ ಅಪರೂಪದ ತಾಣ ಇದು. ತನ್ನ ಕಾಲೇಜಿನಲ್ಲಿ ಯಾರೂ ಇದರ ಬಗ್ಗೆ ಹೇಳಲಿಲ್ಲವೆಂದು ಆಕೆ ಹೇಳಿದಳು. ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ ಇದರಿಂದ ಅಂಕಿಸಂಖ್ಯೆಯ ಲಾಭವಿಲ್ಲವಲ್ಲ!

ಹಾಗಾದರೆ ಸರ್ಕಾರ ಏನು ಮಾಡಬಹುದು? ಸ್ನೇಹವನ್ನು ಆದೇಶದ ಮೂಲಕ ಜಾರಿಗೊಳಿಸಲಾಗದು, ಆದರೆ ಅದು ಮೊಳೆಯುವ ಜಾಗವನ್ನು ಒದಗಿಸಬಹುದು. ಕೆಐಎಡಿಬಿ ಐಟಿ ಪಾರ್ಕುಗಳಿಗೆ ಭೂಮಿ ಹಂಚುವಾಗ ಅದರಲ್ಲೊಂದು ಸಣ್ಣ ಪಾಲನ್ನು ಮೊದಲ ಎರಡು ವರ್ಷದ ನೌಕರರ ವಸತಿನಿಲಯಕ್ಕೆ ತೆಗೆದಿಡಲಿ. ಅಲ್ಲಿ ಜಾತಿಯ ಫಲಕ ಬೇಡ, ರಾಜ್ಯದ ಗಡಿಯೂ ಬೇಡ. ಅರ್ಧ ಕೋಣೆಗಳು ನಮ್ಮ ಜಿಲ್ಲೆಗಳವರಿಗೆ, ಅರ್ಧ ಹೊರರಾಜ್ಯದವರಿಗೆ ಇರಲಿ. ಸಂಜೆ ಒಂದು ಕೋಣೆಯಲ್ಲಿ ಕನ್ನಡ ತರಗತಿ ನಡೆದರೆ ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ನಡೆಯಲಿ. ಕಲಿಸುವವರು ಎದುರು ಕೋಣೆಯವರೇ ಆಗಬಹುದು. ಹಣವೆಲ್ಲಿ ಎಂಬ ಹಣಕಾಸು ಇಲಾಖೆಯ ಪ್ರಶ್ನೆಯನ್ನು ನಾನು ಬಲ್ಲೆ. ಬಾಡಿಗೆ ಕೊಡುವ ಶಕ್ತಿ ಈ ನಿವಾಸಿಗಳಿಗಿದೆ. ಬೇಕಾಗಿರುವುದು ಜಾಗ ಮಾತ್ರ.

ಇನ್ನೊಂದು ಕೆಲಸಕ್ಕೆ ಹಣವೂ ಬೇಡ. 2024ರ ನವೆಂಬರಿನಲ್ಲಿ ಪ್ರಕಟವಾದ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ 2029ರ ವೇಳೆಗೆ 500 ಹೊಸ ಕೇಂದ್ರಗಳು, ಮೂರೂವರೆ ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ರಿಯಾಯಿತಿ ಪಡೆಯುವ ಸಂಸ್ಥೆಗಳು ಸಲ್ಲಿಸುವ ವಾರ್ಷಿಕ ವಿವರದ ನಮೂನೆಗೆ ಎರಡು ಕಾಲಂಗಳನ್ನು ಸೇರಿಸಿದರೆ ಸಾಕು. ನೇಮಕಗೊಂಡವರಲ್ಲಿ ಗ್ರಾಮೀಣ ಶಾಲೆ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರು ಎಷ್ಟು, ಅವರಲ್ಲಿ ಮೂರು ವರ್ಷದ ನಂತರವೂ ಉಳಿದವರು ಎಷ್ಟು. ಇದಕ್ಕೆ ಮಸೂದೆ ಬೇಕಿಲ್ಲ, ಸದನದ ಗದ್ದಲವೂ ಇಲ್ಲ, ಹೈಕೋರ್ಟಿನಲ್ಲಿ ಬೀಳುವ ಭಯವಂತೂ ಇಲ್ಲವೇ ಇಲ್ಲ. ಇಲಾಖೆಯ ಕಾರ್ಯದರ್ಶಿಯೊಬ್ಬರು ಒಂದು ಮಧ್ಯಾಹ್ನದಲ್ಲಿ ಹೊರಡಿಸಬಹುದಾದ ಸುತ್ತೋಲೆ ಅದು.